ಹನಿ ನೀರಾವರಿಯ ದಾಳಿಂಬೆ ತೋಟದಲ್ಲಿ ವಾಟರ್‌ಮಾರ್ಕ್ ತೇವಾಂಶ ಸೆನ್ಸರ್

ದಾಳಿಂಬೆಯ ಬುಡದಲ್ಲಿ ತೇವ ಏರುಪೇರಾದರೆ ಬಲಿಯುತ್ತಿರುವ ಕಾಯಿ ಬಿರಿಯುತ್ತದೆ ಎಂಬುದು ಹಿರಿಯೂರು ಸೀಮೆಯ ಬೆಳೆಗಾರರಿಗೆಲ್ಲ ತಿಳಿದ ಸಂಗತಿ. ಆದರೆ ಡ್ರಿಪ್ಪರ್‌ನಿಂದ ಇಳಿದ ನೀರು ಎಷ್ಟು ಆಳಕ್ಕೆ ಹೋಯಿತೆಂದು ಮೇಲ್ಮಣ್ಣನ್ನು ಕೆದಕಿ ಹೇಳಲಾಗುವುದಿಲ್ಲ. ಅದನ್ನು ತಿಳಿಯಲೆಂದೇ ನಮ್ಮ ಕೆಂಪು ಮಣ್ಣಿನ ತೋಟಕ್ಕೆ ಅಮೆರಿಕದ ಇರೋಮೀಟರ್ ಕಂಪನಿಯ ವಾಟರ್‌ಮಾರ್ಕ್ ಸೆನ್ಸರ್‌ಗಳನ್ನೂ ಅವುಗಳ ಕೈ ಮೀಟರನ್ನೂ ತರಿಸಿದೆವು.

ಈ ಸೆನ್ಸರ್ ಮಣ್ಣಿನಲ್ಲಿ ನೀರು ಶೇಕಡಾ ಎಷ್ಟಿದೆ ಎಂದು ಹೇಳುವುದಿಲ್ಲ. ಆ ನೀರನ್ನು ಹೀರಲು ಬೇರು ಎಷ್ಟು ಬಲ ಹಾಕಬೇಕೆಂಬುದನ್ನು ಸೆಂಟಿಬಾರ್ ಎಂಬ ಒತ್ತಡದ ಅಳತೆಯಲ್ಲಿ ತೋರಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಮಣ್ಣು ಹಸಿ, ದೊಡ್ಡದಾದಷ್ಟೂ ಒಣ. ಕಂಪನಿಯ ಸೂಚನೆಯಂತೆ 10ರಿಂದ 30 ಸಾಕಷ್ಟು ತೇವದ ಗುರುತು, ಬಹುತೇಕ ಮಣ್ಣುಗಳಿಗೆ 30ರಿಂದ 60ರೊಳಗೆ ನೀರು ಕೊಡಬೇಕು, 100 ದಾಟಿದರೆ ಅಪಾಯ.

ಸಾಧನದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅಳವಡಿಸಿಕೊಟ್ಟವರ ಬಗ್ಗೆ. ಬಂದ ಹುಡುಗರು ಸೆನ್ಸರನ್ನು ಪೊಟ್ಟಣದಿಂದ ತೆಗೆದು, ಹಾರೆಯಿಂದ ಅಗಲವಾದ ಗುಂಡಿ ತೋಡಿ, ಒಣಗಿದ ಸೆನ್ಸರನ್ನೇ ಡ್ರಿಪ್ಪರ್‌ನ ನೇರ ಕೆಳಗೆ ಇಟ್ಟು, ಹೆಂಟೆಗಳನ್ನು ಮೇಲೆ ಸುರಿದು ಹೊರಟರು. ಸೆನ್ಸರಿನ ಸುತ್ತ ಗಾಳಿ ಉಳಿದರೆ ಮಣ್ಣಿನ ತೇವ ಅದರೊಳಕ್ಕೆ ದಾಟುವುದೇ ಇಲ್ಲ. ಹೀಗಾಗಿ ಸುತ್ತಲಿನ ನೆಲ ಹಸಿಯಾಗಿದ್ದರೂ ಮೀಟರು ಒಣ ನೆಲದ ಅಂಕಿಯನ್ನೇ ತೋರಿಸುತ್ತಿತ್ತು. ಕೊನೆಗೆ ಎಲ್ಲವನ್ನೂ ಕಿತ್ತು ನಾವೇ ಹೂಳಬೇಕಾಯಿತು. ನೀರಿನಲ್ಲಿ ನೆನೆಸುವುದು, ಆರಲು ಬಿಡುವುದು, ಮತ್ತೆ ನೆನೆಸುವುದು, ಹೀಗೆ ಕೆಲವು ಸಲ ಮಾಡಿ ಕೊನೆಯ ಬಾರಿ ರಾತ್ರಿಯಿಡೀ ನೆನೆಸಿದ ಸೆನ್ಸರನ್ನು ಒದ್ದೆಯಿರುವಾಗಲೇ ನೆಲಕ್ಕಿಳಿಸಬೇಕು. ಅದನ್ನು ಅರ್ಧ ಇಂಚಿನ ಪಿವಿಸಿ ಪೈಪಿನ ತುದಿಗೆ ಅಂಟಿಸಿ, ಅದು ಬಿಗಿಯಾಗಿ ಕೂರುವಷ್ಟೇ ಅಗಲದ ರಂಧ್ರವನ್ನು ಬೈರಿಗೆಯಿಂದ ಕೊರೆದು, ಅದೇ ಮಣ್ಣಿನ ತೆಳು ಕೆಸರನ್ನು ತಳಕ್ಕೆ ಹುಯ್ದು ಒತ್ತಿ ಕೂರಿಸಿದೆವು. ಪೈಪಿನ ಬಾಯಿಗೆ ಮುಚ್ಚಳ ಹಾಕಿ, ನೆಲಮಟ್ಟದಲ್ಲಿ ಸುತ್ತಲಿನ ಮಣ್ಣನ್ನು ಗಟ್ಟಿಯಾಗಿ ತುಳಿದದ್ದು ನೀರು ಪೈಪಿನ ಗುಂಟ ನುಸುಳಿ ಕೆಳಗಿಳಿಯಬಾರದೆಂದು. ಡ್ರಿಪ್ಪರ್‌ನಿಂದ ಸುಮಾರು ಒಂದು ಅಡಿ ದೂರದಲ್ಲಿ, 30 ಸೆಂ.ಮೀ. ಆಳಕ್ಕೊಂದು, 60 ಸೆಂ.ಮೀ. ಆಳಕ್ಕೊಂದು.

ಈ ಜೋಡಿಯೇ ನೀರಿನ ದಾರಿಯನ್ನು ಕಾಣಿಸಿದ್ದು. ನಮ್ಮಲ್ಲಿ ಮೂರು ಫೇಸ್ ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ಮೋಟರನ್ನು ಓಡಿಸುತ್ತದೆ, ಕರೆಂಟು ಹೋಗುವವರೆಗೂ ನೀರು ಹರಿಯುತ್ತದೆ. ಬೆಳಗ್ಗೆ ನೋಡಿದರೆ ಮೇಲಿನ ಸೆನ್ಸರ್ 12ಕ್ಕೆ ಇಳಿದಿರುತ್ತಿತ್ತು, ಅದು ಸರಿ. ಕೆಳಗಿನದೂ ಎಂದೂ 15 ದಾಟುತ್ತಿರಲಿಲ್ಲ. ಎಂದರೆ ಬೇರಿನ ವಲಯ ದಾಟಿ ನೀರು ಇಳಿದುಹೋಗುತ್ತಿತ್ತು, ಅದರೊಡನೆ ಡ್ರಿಪ್ಪಿನಲ್ಲಿ ಕೊಟ್ಟ ನೈಟ್ರೇಟ್ ಗೊಬ್ಬರವೂ. ಟೈಮರ್ ಹಾಕಿಸಿ, ಅವಧಿಯನ್ನು ಮೊಟಕುಗೊಳಿಸಿ ಎರಡು ಕಂತಾಗಿ ಒಡೆದ ಮೇಲೆ ಕೆಳಗಿನ ಅಂಕಿ ನಿಧಾನವಾಗಿ ಏರಿತು. ಮೇಲಿನದು 20ರಿಂದ 40ರ ನಡುವೆಯೇ ಆಡುತ್ತಿದೆ. ಮೋಟರ್ ನಿಂತ ಎಷ್ಟೋ ಹೊತ್ತಿನ ಬಳಿಕವೂ ಕೆಳಗಿನ ಅಂಕಿ ಇಳಿಯುವುದುಂಟು, ಆದ್ದರಿಂದ ನೀರು ಬಿಟ್ಟ ತಕ್ಷಣ ಓದಿದ ಲೆಕ್ಕವನ್ನು ನಂಬಬಾರದು.

ಮಿತಿಗಳೂ ಇವೆ. ಎರೆ ನೆಲ ಒಣಗಿ ಬಿರುಕು ಬಿಟ್ಟರೆ ಮಣ್ಣಿನ ಸ್ಪರ್ಶ ತಪ್ಪಿ ಅಂಕಿ ಕೆಡುತ್ತದೆ. ತೀರ ಮರಳು ಭೂಮಿಯಲ್ಲಿ ಸೆನ್ಸರಿನ ಸ್ಪಂದನ ನಿಧಾನ. ಮೀಟರಿಗೆ ಮಣ್ಣಿನ ಉಷ್ಣತೆಯನ್ನು ಹೊಂದಿಸಿಕೊಡಬೇಕು. ಕಳೆ ತೆಗೆಯುವವರ ಕುಡುಗೋಲಿಗೆ ತಂತಿ ಸಿಗದಂತೆ ಅದನ್ನು ಪೈಪಿನೊಳಗೆ ಹಾಯಿಸುವುದು ಕ್ಷೇಮ.

ಮೊಬೈಲಿಗೆ ಗ್ರಾಫು ಕಳಿಸುವ ಪೆಟ್ಟಿಗೆಯನ್ನೂ ಜೊತೆಗೆ ಮಾರಲು ಬರುತ್ತಾರೆ. ದಿನವೂ ತೋಟಕ್ಕೆ ಹೋಗುವ ಸಣ್ಣ ಹಿಡುವಳಿದಾರರಿಗೆ ಅದು ಅನವಶ್ಯಕ, ಕೈ ಮೀಟರು ಮತ್ತು ಒಂದು ನೋಟ್‌ಬುಕ್ ಧಾರಾಳವಾಯಿತು. ಇಷ್ಟೂ ಖರ್ಚು ಬೇಡವೆನ್ನುವವರು ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ರೂಪಿಸಿದ, ಬಣ್ಣದ ದೀಪಗಳಿಂದ ತೇವ ತೋರಿಸುವ ಸೂಚಕವನ್ನು ನೋಡಬಹುದು. ವಾಟರ್‌ಮಾರ್ಕನ್ನೇ ಕೊಳ್ಳುವುದಾದರೆ ಜೋಡಿಯಾಗಿಯೇ ಕೊಳ್ಳಿ. ಕೈಯಲ್ಲಿರುವುದು ಒಂದಕ್ಕೆ ಸಾಲುವಷ್ಟೇ ಹಣವಾದರೆ ಇನ್ನೊಂದು ಹಂಗಾಮು ಕಾಯುವುದು ಮೇಲು.