ಬರಿಗೈ, ಕ್ಲಿಕ್, ಮುಳ್ಳು, ಬೀಪ್: ಮಣ್ಣಲ್ಲಿ ಓಡುವ ಬೈಕಿನ ಬೋಲ್ಟಿಗೆ ಯಾವುದು ಸರಿ?

ಡಾಂಬರು ರಸ್ತೆಯಲ್ಲೇ ಓಡುವ ಬೈಕಿನ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ಮುಟ್ಟಿದರೂ ನಡೆಯುತ್ತದೆ. ಮಣ್ಣಿನ ಬೈಕಿಗೆ ಹಾಗಲ್ಲ. ಸಕಲೇಶಪುರ, ಬಿಸಿಲೆ ಕಡೆಯ ಎಸ್ಟೇಟ್ ದಾರಿಗಳಲ್ಲಿ ಒಂದು ದಿನ ಓಡಿಸಿ ಬಂದರೆ ಸಾಕು, ಏರ್ ಫಿಲ್ಟರ್ ತೆಗೆಯಬೇಕು, ಸ್ಕಿಡ್ ಪ್ಲೇಟ್ (ಎಂಜಿನ್ ಕೆಳಗಿನ ರಕ್ಷಣೆಯ ತಟ್ಟೆ) ಬಿಚ್ಚಿ ಕೆಂಪು ಮಣ್ಣು ಕೆರೆಯಬೇಕು, ಚೈನ್ ಸರಿ ಮಾಡಲು ಹಿಂದಿನ ಆಕ್ಸಲ್ ಸಡಿಲಿಸಬೇಕು. ಅದೇ ಬೋಲ್ಟುಗಳನ್ನು ಮತ್ತೆ ಮತ್ತೆ ಬಿಚ್ಚಿ ಹಾಕುತ್ತಲೇ ಇರುತ್ತೇವೆ. ಬೋಲ್ಟು ಸ್ಟೀಲು, ಎಂಜಿನ್ ಕಡೆಯ ಥ್ರೆಡ್ ಅಲ್ಯೂಮಿನಿಯಂ. ಜಾಸ್ತಿ ಬಿಗಿ ಮಾಡಿದಾಗ ಹಾಳಾಗುವುದು ಎಂಜಿನ್ ಕಡೆಯದೇ.

ನನ್ನದು ಹೀರೋ ಎಕ್ಸ್‌ಪಲ್ಸ್ 200. ಅದರ ಮೇಲೆ ನಾಲ್ಕು ದಾರಿಗಳನ್ನು ಬಳಸಿ ನೋಡಿದ್ದೇನೆ. ಟೀ ಸ್ಪಾನರ್ ಹಿಡಿದು ಕೈ ಅಂದಾಜು, ಕ್ಲಿಕ್ ಟಾರ್ಕ್ ರೆಂಚ್ (ಟಾರ್ಕ್ ಅಂದರೆ ಬೋಲ್ಟನ್ನು ತಿರುಗಿಸುವ ಬಲ), ಮುಳ್ಳು ತೋರಿಸುವ ಬೀಮ್ ರೆಂಚ್, ಮತ್ತೆ ರ‍್ಯಾಚೆಟ್ಟಿಗೂ ಸಾಕೆಟ್ಟಿಗೂ ನಡುವೆ ಕೂರುವ ಡಿಜಿಟಲ್ ಅಡಾಪ್ಟರ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೆಲಸ ಮಾಡುವವರು ಮೊದಲು ಕೊಳ್ಳಬೇಕಾದ್ದು ಎಲ್ಲರೂ ಕೊಳ್ಳುವ, ಸಾಕೆಟ್ ಕೂರುವ ಚೌಕದ ತಲೆ ಅರ್ಧ ಇಂಚು ಇರುವ ಆ ಉದ್ದನೆಯ ರೆಂಚ್ ಅಲ್ಲ. ಕಾಲು ಇಂಚಿನದು, ಸುಮಾರು 5ರಿಂದ 25 ನ್ಯೂಟನ್ ಮೀಟರ್ (ನ್ಯೂ.ಮೀ., ಟಾರ್ಕಿನ ಅಳತೆ) ಅಳೆಯುವಂಥದ್ದು.

ಯಾಕೆ ಅಂದರೆ, ಆಕ್ಸಲ್ ನಟ್ಟನ್ನು ಹಾಳು ಮಾಡಲು ಶ್ರಮ ಪಡಬೇಕು. ಎಂ6, ಅಂದರೆ 6 ಎಂಎಂ ದಪ್ಪದ ಬೋಲ್ಟನ್ನು ಹಾಳು ಮಾಡಲು ಶ್ರಮವೇ ಬೇಡ. 8 ಎಂಎಂ ಸ್ಪಾನರ್ ಹಿಡಿಯುವ ಆ ಚಿಕ್ಕ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗುವುದು 10 ನ್ಯೂ.ಮೀ. ಆಸುಪಾಸು. ಎಂ8ಕ್ಕೆ 25ರ ಸುತ್ತ. ಇವು ಸಾಮಾನ್ಯ ಲೆಕ್ಕ ಅಷ್ಟೆ. ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಅಂತಿಮ, ಅಲ್ಯೂಮಿನಿಯಂ ಇರುವ ಕಡೆ ಅದು ಕಮ್ಮಿಯನ್ನೇ ಹೇಳಬಹುದು. 10 ನ್ಯೂ.ಮೀ. ಅಂದರೆ 10 ಸೆಂ.ಮೀ. ಉದ್ದದ ಸ್ಪಾನರಿನ ತುದಿಗೆ ಹತ್ತು ಕೆ.ಜಿ. ಎಳೆತ. ಅದೇ ಜಾಗಕ್ಕೆ 20 ಸೆಂ.ಮೀ. ರ‍್ಯಾಚೆಟ್ ಹಾಕಿದರೆ ಐದೇ ಕೆ.ಜಿ. ಸಾಕು. ಐದು ಕೆ.ಜಿ. ಎಳೆತ ಕೈಗೆ ಒಂದು ಲೆಕ್ಕವೇ ಅಲ್ಲ. ಕ್ಲಚ್ ಕವರಿನ ಬೋಲ್ಟುಗಳು ಹೋಗುವುದು ಹೀಗೆ.

ಹಾಗಂತ ಕೈ ಅಂದಾಜನ್ನು ನಾನು ಹೀಗಳೆಯುವುದಿಲ್ಲ. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರ ಮಣಿಕಟ್ಟು ಸುಮ್ನೆ ಪಳಗಿರುವುದಿಲ್ಲ. ಆದರೆ ನನ್ನಂಥ ವಾರಾಂತ್ಯದ ಕೈ ಎಷ್ಟು ನಂಬಿಕಸ್ಥ ಅಂತ ನೋಡಬೇಕಿತ್ತು. ಡಿಜಿಟಲ್ ಅಡಾಪ್ಟರಿನ ಪರದೆಗೆ ಟೇಪ್ ಅಂಟಿಸಿ, ಸದ್ದು ಬಂದ್ ಮಾಡಿ, ಅಂದಾಜಿನ ಮೇಲೆ ಎಂ6 ಬೋಲ್ಟುಗಳನ್ನು ಬಿಗಿ ಮಾಡಿ, ಆಮೇಲೆ ಟೇಪ್ ಎತ್ತಿ ನೋಡುತ್ತ ಹೋದೆ. ಒಂದು 7 ಇದ್ದರೆ ಇನ್ನೊಂದು 14. ಬೆಳಗ್ಗೆ ಹುರುಪಿನಲ್ಲಿ ಮಾಡಿದ್ದು ಒಂದು ಥರ, ಸಂಜೆ ಸುಸ್ತಾಗಿ ಮಾಡಿದ್ದು ಇನ್ನೊಂದು ಥರ. ಗ್ಲವ್ಸ್ ಹಾಕಿದರೆ ಜಾಸ್ತಿ ಬಿಗಿಯಾಗುತ್ತದೆ. ಒಂದೇ ಕವರಿನಲ್ಲಿ ಒಂದು ಬೋಲ್ಟು ಇನ್ನೊಂದರ ಎರಡರಷ್ಟು ಬಿಗಿ ಇದ್ದರೆ ಗ್ಯಾಸ್ಕೆಟ್ ಸಮನಾಗಿ ಒತ್ತುವುದಿಲ್ಲ, ಎಣ್ಣೆ ಜಿನುಗುತ್ತದೆ.

ಬರಿಗೈಗೆ ಮಾತ್ರ ಸಾಧ್ಯವಾಗುವ ಕೆಲಸವೂ ಒಂದಿದೆ, ಬೋಲ್ಟನ್ನು ಶುರು ಮಾಡುವುದು. ಮೊದಲು ಹಿಂದಕ್ಕೆ ತಿರುಗಿಸಬೇಕು. ಥ್ರೆಡ್ಡಿನ ಬಾಯಿ ಸಿಕ್ಕಾಗ ಬೋಲ್ಟು ಸಣ್ಣಗೆ 'ಟಿಕ್' ಅಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ. ಕೊನೆವರೆಗೂ ಬೆರಳಲ್ಲೇ ಹೋಗಬೇಕು. ಬೆರಳಿಗೆ ಬಗ್ಗದ ಬೋಲ್ಟಿಗೆ ಯಾವ ರೆಂಚೂ ಬೇಡ, ಹೊರಗೆ ತೆಗೆದು ಮಣ್ಣು ಒರೆಸಿ.

ಇನ್ನು ಕ್ಲಿಕ್ ರೆಂಚ್. ಒಳಗೊಂದು ಸ್ಪ್ರಿಂಗ್, ಹಿಡಿ ತಿರುಗಿಸಿ ಅದನ್ನು ಬೇಕಾದ ಸಂಖ್ಯೆಗೆ ಒತ್ತಿಡುತ್ತೇವೆ. ಅಷ್ಟು ಟಾರ್ಕ್ ಬಂದಾಗ ಕೈಗೆ ಒಂದು ಪೆಟ್ಟು, ಕಿವಿಗೊಂದು ಸದ್ದು. ನೋಡದೆಯೇ ಕೆಲಸ ಮಾಡಬಹುದು, ಇದೇ ಇದರ ದೊಡ್ಡ ಲಾಭ. ಮುಂದಿನ ಫೋರ್ಕ್ ಹಿಡಿಯುವ ಕ್ಲಾಂಪುಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಒಂದೇ ಕ್ಲಾಂಪಿಗೆ ಎರಡು ಬೋಲ್ಟು ಇದ್ದ ಕಡೆ, ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಒಂದರ ನಂತರ ಒಂದು ಸುತ್ತುತ್ತ, ಎರಡೂ ಅಲುಗದೆ ಕ್ಲಿಕ್ ಅನ್ನುವವರೆಗೆ ಮುಂದುವರಿಸಬೇಕು. ಇಲ್ಲಿ ಜಾಸ್ತಿ ಬಿಗಿ ಮಾಡಿದರೆ ಟ್ಯೂಬ್ ಹಿಸುಕಿದಂತಾಗಿ ಫೋರ್ಕ್ ಅಂಟಿಕೊಂಡು ಓಡುತ್ತದೆ. ಸಸ್ಪೆನ್ಷನ್ ಗಟ್ಟಿ ಅಂತ ಬೈದುಕೊಳ್ಳುವ ಎಷ್ಟೋ ಬೈಕುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಆದರೆ ಕ್ಲಿಕ್ ರೆಂಚಿಗೆ ಒಂದು ದೊಡ್ಡ ಕುರುಡು ಇದೆ. ಥ್ರೆಡ್ ಸೋಲಲು ಶುರುವಾದರೆ ಟಾರ್ಕ್ ಏರುವುದೇ ಇಲ್ಲ. ಟಾರ್ಕ್ ಏರದಿದ್ದರೆ ಕ್ಲಿಕ್ ಬರುವುದಿಲ್ಲ. ಕ್ಲಿಕ್ಕಿಗಾಗಿ ಕಾಯುತ್ತ ಎಳೆಯುವವರು ಎಳೆಯುತ್ತಲೇ ಹೋಗುತ್ತಾರೆ, ಕೊನೆಗೆ ಬೋಲ್ಟು ಥ್ರೆಡ್ಡಿನ ಪುಡಿ ಸಮೇತ ಕೈಗೆ ಬರುತ್ತದೆ. ಅಲ್ಲಿಗೆ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಿಸುವುದೇ ಗತಿ. ದೊಡ್ಡ ರೆಂಚಲ್ಲಿ ಚಿಕ್ಕ ಸಂಖ್ಯೆ ಇಟ್ಟಾಗ ಈ ಅಪಾಯ ಇನ್ನೂ ಜಾಸ್ತಿ, ಕ್ಲಿಕ್ ಎಷ್ಟು ಮೆತ್ತಗಿರುತ್ತದೆ ಅಂದರೆ ಗೊತ್ತೇ ಆಗುವುದಿಲ್ಲ. ರೆಂಚಿನ ಗರಿಷ್ಠದ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದನ್ನು ನಂಬಬೇಡಿ.

ಬೀಮ್ ರೆಂಚ್ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಒಂದು ಕೋಲು ಬಾಗುತ್ತದೆ, ಪಕ್ಕದಲ್ಲಿರುವ ಮುಳ್ಳು ಬಾಗುವುದಿಲ್ಲ, ಎಷ್ಟು ಬಾಗಿತು ಅಂತ ಪಟ್ಟಿ ಹೇಳುತ್ತದೆ. ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ. ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ಸರಿ ಮಾಡಿದರಾಯಿತು. ಆಯಿಲ್ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಇದರಲ್ಲಿ ಬಿಗಿ ಮಾಡಿ ನೋಡಿ. ಮುಳ್ಳು ಏರುತ್ತದೆ, ವಾಷರ್ ಚಪ್ಪಟೆಯಾಗುವಾಗ ಸ್ವಲ್ಪ ತಡೆಯುತ್ತದೆ, ಮತ್ತೆ ಏರುತ್ತದೆ. ಒಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ಬೋಲ್ಟು ತಿರುಗುತ್ತಿದ್ದರೂ ಮುಳ್ಳು ನಿಂತೇ ಇದ್ದರೆ ತಕ್ಷಣ ಕೈ ಬಿಡಬೇಕು. ಆ ಎಚ್ಚರಿಕೆ ಕ್ಲಿಕ್ ರೆಂಚ್ ಕೊಡುವುದಿಲ್ಲ.

ತೊಂದರೆ ಇಲ್ಲದೆ ಇಲ್ಲ. ಮುಳ್ಳನ್ನು ನೇರ ಮೇಲಿಂದಲೇ ನೋಡಬೇಕು, ಓರೆಯಿಂದ ನೋಡಿದರೆ ಸಂಖ್ಯೆ ತಪ್ಪುತ್ತದೆ. ಹಿಡಿ ಒಂದು ಪಿನ್ ಮೇಲೆ ತೂಗುವಂತಿದ್ದರೆ ಅದರ ತುದಿಗಳು ಕೋಲಿಗೆ ತಾಗದಂತೆ ಎಳೆಯಬೇಕು. ಬೈಕಿನ ಹೊಟ್ಟೆಯ ಕೆಳಗೆ ಮಲಗಿ ಮಾಡುವ ಕೆಲಸಕ್ಕೆ ಇದು ಬೇಡ. ನಮ್ಮಲ್ಲಿ ಅಂಗಡಿಯವರು ಕ್ಲಿಕ್ಕನ್ನೇ ಮುಂದಿಡುತ್ತಾರೆ, ಬೀಮ್ ಬೇಕೆಂದರೆ ಕೇಳಿ ತರಿಸಿಕೊಳ್ಳಬೇಕು.

ಡಿಜಿಟಲ್ ಅಡಾಪ್ಟರ್ ಕಲಿಯುವುದಕ್ಕೆ ಬಹಳ ಒಳ್ಳೆಯದು, ಕೈಯನ್ನು ಅದು ತಿದ್ದುತ್ತದೆ. ಆದರೆ ಸಾಕೆಟ್ ಅಷ್ಟು ಉದ್ದವಾಗುವುದರಿಂದ ಇಕ್ಕಟ್ಟಿನ ಜಾಗಕ್ಕೆ ಹೋಗುವುದಿಲ್ಲ, ಬ್ಯಾಟರಿ ಬೇಕಾದಾಗಲೇ ಮುಗಿದಿರುತ್ತದೆ. ನಾನು ಈಗ ಕಮ್ಮಿ ಬಳಸುತ್ತೇನೆ.

ಯಾವ ರೆಂಚ್ ಇದ್ದರೂ ಅದು ನಿಜ ಹೇಳುತ್ತಿದೆಯೇ ಅಂತ ಮನೆಯಲ್ಲೇ ನೋಡಬಹುದು. ಉದ್ದನೆಯ ಕ್ಲಿಕ್ ರೆಂಚಾದರೆ ಹೀಗೆ: ಚೌಕದ ತಲೆಯನ್ನು ವೈಸಿನಲ್ಲಿ ಹಿಡಿಸಿ, ಹಿಡಿಯನ್ನು ನೆಲಕ್ಕೆ ಸಮನಾಗಿ ಚಾಚಿ, ತಲೆಯಿಂದ 40 ಸೆಂ.ಮೀ. ದೂರದಲ್ಲಿ ಬಕೆಟ್ ನೇತು ಹಾಕಿ. ರೆಂಚನ್ನು 39 ನ್ಯೂ.ಮೀ.ಗೆ ಇಟ್ಟು, ಬಕೆಟ್ಟಿಗೆ ಚೊಂಬಿನಲ್ಲಿ ನೀರು ಸೇರಿಸುತ್ತ ಹೋಗಿ. ಬಕೆಟ್ಟೂ ನೀರೂ ಸೇರಿ 10 ಕೆ.ಜಿ. ಆಗುವ ಹೊತ್ತಿಗೆ ಕ್ಲಿಕ್ ಅನ್ನಬೇಕು. ರೆಂಚಿನ ಸ್ವಂತ ಭಾರವೂ ಇರುವುದರಿಂದ ತುಸು ಮೊದಲೇ ಅಂದರೆ ಗಾಬರಿ ಬೇಡ. ಒಳ್ಳೆಯ ಕ್ಲಿಕ್ ರೆಂಚಿನಲ್ಲೂ ಶೇ. 4ರಷ್ಟು ಆಚೀಚೆ ಒಪ್ಪುವಂಥದ್ದೇ. ಅದು ಹಾಗೇ ಉಳಿಯಬೇಕಾದರೆ ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಪಟ್ಟಿಯ ಕನಿಷ್ಠ ಸಂಖ್ಯೆಗೆ ಇಳಿಸಿಡಿ, ಬೋಲ್ಟು ಬಿಚ್ಚಲು ಅದನ್ನು ಬಳಸಬೇಡಿ, ಕ್ಲಿಕ್ ಆದಮೇಲೆ 'ಇನ್ನೊಂದ್ಸಲ' ಅಂತ ಎಳೆಯಬೇಡಿ.

ಇಷ್ಟೆಲ್ಲ ಮಾಡಿಯೂ ಕೆಡುವ ಒಂದು ದಾರಿ ಇದೆ, ಥ್ರೆಡ್ಡಿನಲ್ಲಿ ಏನಿದೆ ಅಂತ ನೋಡದಿರುವುದು. ನಾವು ಹಾಕುವ ಟಾರ್ಕಿನಲ್ಲಿ ಬೋಲ್ಟನ್ನು ಎಳೆದು ಹಿಡಿಯಲು ಸಿಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದದ್ದನ್ನು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆ ತಿಂದುಬಿಡುತ್ತದೆ. ಮಣ್ಣು ಸೇರಿದರೆ ಘರ್ಷಣೆ ಏರುತ್ತದೆ, ರೆಂಚ್ ಕ್ಲಿಕ್ ಅಂದರೂ ಬೋಲ್ಟು ನಿಜವಾಗಿ ಹಿಡಿದಿರುವುದಿಲ್ಲ. ಗ್ರೀಸ್ ಇದ್ದರೆ ಉಲ್ಟಾ, ಅದೇ ಸಂಖ್ಯೆಗೆ ಬೇಕಾದ್ದಕ್ಕಿಂತ ಜಾಸ್ತಿ ಎಳೆತ. ಮ್ಯಾನ್ಯುಯಲ್ ಎಣ್ಣೆ ಹಚ್ಚಿ ಅಂದರೆ ಹಚ್ಚಿ, ಇಲ್ಲವಾದರೆ ಒಣಗಿಸಿ ಒರೆಸಿ. ಸ್ಪ್ರಾಕೆಟ್ ಮತ್ತು ಡಿಸ್ಕ್ ಬೋಲ್ಟುಗಳಿಗೆ ಲಾಕ್‌ಟೈಟ್ 243ರಂಥ, ಬೋಲ್ಟು ಸಡಿಲವಾಗದಂತೆ ಹಿಡಿಯುವ ನೀಲಿ ದ್ರವ ಹಾಕುವುದಾದರೆ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಓಡಿಸುವ ದಿನ ಬೆಳಗ್ಗೆ ಹಾಕಬೇಡಿ.

ದಾರಿಯಲ್ಲಿ ಟಾರ್ಕ್ ರೆಂಚ್ ಹೊತ್ತುಕೊಂಡು ಹೋಗುವವನಲ್ಲ ನಾನು. ಅಲ್ಲಿ ಟೀ ಸ್ಪಾನರ್ ಸಾಕು, ಜೊತೆಗೆ ಬಿಳಿ ಪೇಂಟ್ ಪೆನ್ನಿನ ಗೆರೆ. ಮನೆಯಲ್ಲಿ ಸರಿಯಾಗಿ ಬಿಗಿ ಮಾಡಿದ ಪ್ರತಿ ಮುಖ್ಯ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆದಿರುತ್ತೇನೆ. ಪೆಟ್ರೋಲ್ ಹಾಕಿಸುವಾಗ ಬಗ್ಗಿ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ಹಿಂದಿನ ಸ್ಪ್ರಾಕೆಟ್, ಬ್ರೇಕ್ ಪೆಡಲ್, ಸೈಡ್ ಸ್ಟ್ಯಾಂಡ್, ಸೈಲೆನ್ಸರ್ ಕ್ಲಾಂಪ್, ಇವನ್ನು ತಪ್ಪದೆ ನೋಡಿ.

ಒಂದು ಜಾಗದಲ್ಲಿ ಮಾತ್ರ ಈ ಎಲ್ಲ ರೆಂಚುಗಳನ್ನೂ ಪಕ್ಕಕ್ಕಿಡುತ್ತೇನೆ. ಹ್ಯಾಂಡಲ್ ಮೇಲಿನ ಕ್ಲಚ್ ಮತ್ತು ಬ್ರೇಕ್ ಲಿವರಿನ ಕ್ಲಾಂಪ್. ಅದರ ಕೆಳಗೆ ಹ್ಯಾಂಡಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿ, ಓಡಿಸುವಾಗ ಜಾರದಷ್ಟು ಮಾತ್ರ ಬಿಗಿ ಮಾಡುತ್ತೇನೆ. ಅಂಗೈಯಿಂದ ಲಿವರಿಗೆ ಒಂದು ಏಟು ಕೊಟ್ಟರೆ ಇಡೀ ಕ್ಲಾಂಪ್ ತಿರುಗಬೇಕು. ತಿರುಗದಿದ್ದರೆ ಕಾಲು ಸುತ್ತು ಸಡಿಲಿಸಿ, ಮತ್ತೆ ಏಟು ಕೊಟ್ಟು ನೋಡಿ.