ಗಾರೆಗೆ ಬೆರೆಸುವ ಪಾಲಿಪ್ರೊಪಿಲೀನ್ ನಾರು: 125 ಗ್ರಾಂ ಪೊಟ್ಟಣದ ವಿಮರ್ಶೆ

ಸಿಮೆಂಟ್ ಅಂಗಡಿಯಲ್ಲಿ ‘ಫೈಬರ್’ ಎಂದು ಕೇಳಿದರೆ ಕೈಗೆ ಬರುವ, ಗಾರೆ ಬಿರುಕು ಬಿಡದಂತೆ ಬೆರೆಸುವ 125 ಗ್ರಾಂ ಪೊಟ್ಟಣವನ್ನು ಕಲಬುರಗಿಯ ನಮ್ಮ ಮನೆಯ ಮೇಲಂತಸ್ತಿನ ಹೊರಗೋಡೆಗಳ ಗಿಲಾವಿಗೂ ತಾರಸಿಯ ಇಳಿಜಾರು ಕಾಂಕ್ರೀಟಿಗೂ ಬಳಸಿದೆವು. ಒಳಗಿರುವುದು 12 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಳಿಯ ಎಳೆಗಳು. 50 ಕಿಲೋ ಸಿಮೆಂಟ್ ಚೀಲಕ್ಕೆ ಒಂದು ಪೊಟ್ಟಣ ಎಂಬುದು ಅದರ ಮೇಲಿನ ಸೂಚನೆ. ಬೆಲೆ ಐವತ್ತು ರೂಪಾಯಿಯ ಆಸುಪಾಸು. ಎಳೆಯ ವ್ಯಾಸ 32 ಮೈಕ್ರಾನ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಒಂದು ಪೊಟ್ಟಣದಲ್ಲಿ ಸುಮಾರು 1.4 ಕೋಟಿ ಎಳೆಗಳಿರುತ್ತವೆ. ಈ ಸರಕಿನ ಗುಣವೂ ಉಪದ್ರವವೂ ಈ ಸಂಖ್ಯೆಯಿಂದಲೇ ಹುಟ್ಟುತ್ತವೆ.

ಇಟಲಿಯ ಗಿಯುಲಿಯೊ ನಟ್ಟಾ 1954ರಲ್ಲಿ ಕ್ರಮಬದ್ಧ ರಚನೆಯ ಪಾಲಿಪ್ರೊಪಿಲೀನನ್ನು ತಯಾರಿಸಿ, ಕಾರ್ಲ್ ಝೀಗ್ಲರ್ ಅವರೊಂದಿಗೆ 1963ರ ನೊಬೆಲ್ ಪ್ರಶಸ್ತಿ ಪಡೆದರು. ಕಾರ್ಖಾನೆಯಲ್ಲಿ ಇದರ ಹರಳುಗಳನ್ನು ಕರಗಿಸಿ, ಸೂಕ್ಷ್ಮ ರಂಧ್ರಗಳ ತಟ್ಟೆಯ ಮೂಲಕ ಒತ್ತಿ, ಹೊರಬಂದ ಎಳೆಗಳನ್ನು ತಂಪಾಗಿಸಿ ಹಲವು ಪಟ್ಟು ಉದ್ದಕ್ಕೆ ಎಳೆಯುತ್ತಾರೆ. ಹಾಗೆ ಎಳೆದಾಗ ಅಣುಸರಪಳಿಗಳು ಒಂದೇ ದಿಕ್ಕಿಗೆ ಸಾಲುಗೂಡುವುದರಿಂದ ನಾರಿಗೆ ಬಲ ಬರುತ್ತದೆ. ತೆಳು ಹಾಳೆಯನ್ನು ಸೀಳಿ ಜಾಲರಿಯಂತೆ ಬಿಡಿಸಿದ ಇನ್ನೊಂದು ಬಗೆಯೂ ಮಾರುಕಟ್ಟೆಯಲ್ಲಿದೆ. ನಾನು ಬಳಸಿದ್ದು ಬಿಡಿ ಎಳೆಯ ಬಗೆ. ಪಾಲಿಪ್ರೊಪಿಲೀನ್ ನೀರನ್ನು ಬಹುತೇಕ ಹೀರುವುದೇ ಇಲ್ಲ. ಸಿಮೆಂಟಿನ ಪಿಎಚ್ ಮಟ್ಟ 12.5ನ್ನು ದಾಟುವಷ್ಟು ಕ್ಷಾರೀಯವಾಗಿದ್ದರೂ ಈ ನಾರು ಅದಕ್ಕೆ ಜಗ್ಗುವುದಿಲ್ಲ, ತುಕ್ಕಿನ ಮಾತಂತೂ ಇಲ್ಲವೇ ಇಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಮಾತ್ರ ಇದು ಸೋಲುತ್ತದೆ, ಆದರೆ ಗಾರೆಯೊಳಗೆ ಹುದುಗಿದ ಎಳೆಗೆ ಆ ಭಯವಿಲ್ಲ.

ನಮ್ಮ ಕೆಲಸ ನಡೆದದ್ದು ಏಪ್ರಿಲ್‌ನಲ್ಲಿ. ಹಸಿ ಗಾರೆಯಿಂದ ನೀರು ಮೇಲಕ್ಕೆ ಬರುವ ವೇಗಕ್ಕಿಂತ ಒಣಗಾಳಿಗೆ ಅದು ಆರುವ ವೇಗ ಹೆಚ್ಚಾದಾಗ ಮೇಲ್ಪದರವು ಕುಗ್ಗಿ, ಇನ್ನೂ ಬಲ ಬಾರದ ಗಾರೆ ಮೊದಲ ಕೆಲವು ಗಂಟೆಗಳಲ್ಲೇ ಸೀಳುತ್ತದೆ. ನಾರಿನ ಕೆಲಸವಿರುವುದು ಈ ಹೊತ್ತಿನಲ್ಲಿ: ಎಲ್ಲ ದಿಕ್ಕಿಗೂ ಹರಡಿಕೊಂಡ ಎಳೆಗಳು ಹುಟ್ಟುತ್ತಿರುವ ಸೂಕ್ಷ್ಮ ಬಿರುಕನ್ನು ಅಡ್ಡಗಟ್ಟಿ, ಅದು ಅಗಲವಾಗದಂತೆ ಹಿಡಿಯುತ್ತವೆ. ನಾರು ಬೆರೆಸಿದ ಪಡುವಣ ಗೋಡೆಯಲ್ಲಿ ಇಡೀ ಮಧ್ಯಾಹ್ನದ ಬಿಸಿಲು ಬಿದ್ದರೂ ಮರುದಿನ ಬಿರುಕು ಕಾಣಲಿಲ್ಲ. ನಾರಿಲ್ಲದೆ ಮಾಡಿಸಿದ ಹಿಂಬದಿಯ ಗೋಡೆಯಲ್ಲಿ ಅಡ್ಡಾದಿಡ್ಡಿ ಸಣ್ಣ ಬಿರುಕುಗಳು ಮೂಡಿದ್ದವು. ಎರಡು ಗೋಡೆಗಳನ್ನು ಹೋಲಿಸಿದ ಮಾತ್ರಕ್ಕೆ ಸಿದ್ಧಾಂತ ನಿಲ್ಲುವುದಿಲ್ಲವಾದರೂ, ಹೆಚ್ಚು ಬಿಸಿಲು ತಿಂದದ್ದು ನಾರಿದ್ದ ಗೋಡೆಯೇ ಎಂಬುದು ಗಮನಾರ್ಹ.

ಪೊಟ್ಟಣದ ಮೇಲಿನ ಉಳಿದ ಆಶ್ವಾಸನೆಗಳನ್ನು ಇಷ್ಟೇ ವಿಶ್ವಾಸದಿಂದ ಒಪ್ಪಲಾಗದು. ಗಟ್ಟಿಯಾದ ಕಾಂಕ್ರೀಟಿನ ಬಿಗುಪಿನ ಮುಂದೆ ಪಾಲಿಪ್ರೊಪಿಲೀನ್ ಬಹಳ ಮೆದುವಾದ ವಸ್ತುವಾದ್ದರಿಂದ, ಈ ಪ್ರಮಾಣದಲ್ಲಿ ಅದು ಕಬ್ಬಿಣದ ಸರಳಿನ ಬದಲಿಗೆ ಭಾರ ಹೊರಲಾರದು. ಪಾಯ ಕುಸಿದು ಬರುವ ಬಿರುಕು, ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ಬರುವ ಉದ್ದನೆಯ ಬಿರುಕು ಇವೆರಡನ್ನೂ ಇದು ತಡೆಯುವುದಿಲ್ಲ. ಎರಡನೆಯದಕ್ಕೆ ತಂತಿ ಜಾಲರಿಯನ್ನೇ ಬಡಿಯಬೇಕು. ನಾರು ಹಾಕಿದೆವೆಂದು ಕ್ಯೂರಿಂಗ್ (ಗಾರೆ ಗಟ್ಟಿಯಾಗಲು ನೀರುಣಿಸುವುದು) ಕಡಿಮೆ ಮಾಡುವ ಮೇಸ್ತ್ರಿಗಳಿದ್ದಾರೆ, ಅಂಥವರ ಕೈಯಲ್ಲಿ ಈ ಪೊಟ್ಟಣದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಧಿಕ ಸಾಮರ್ಥ್ಯದ ಕಾಂಕ್ರೀಟು ಬೆಂಕಿಗೆ ಸಿಡಿಯದಂತೆ ಸುರಂಗಗಳಲ್ಲಿ ಇದೇ ನಾರನ್ನು ಬಳಸುವುದುಂಟು. 160 ಡಿಗ್ರಿ ದಾಟಿದಾಗ ಎಳೆಗಳು ಕರಗಿ, ಒಳಗಿನ ಹಬೆಗೆ ದಾರಿ ಬಿಡುತ್ತವೆ. ಯುರೋಪಿನ ಕಾಂಕ್ರೀಟ್ ವಿನ್ಯಾಸ ಸಂಹಿತೆ ಅದಕ್ಕೆ ಘನ ಮೀಟರಿಗೆ 2 ಕಿಲೋ ಸೂಚಿಸುತ್ತದೆ. ಮನೆಯ ಗಿಲಾವಿಗೂ ಅದಕ್ಕೂ ಸಂಬಂಧವಿಲ್ಲ.

ಬೆರೆಸುವುದು ತಾಳ್ಮೆಯ ಕೆಲಸ. ನೀರಿನ ಡ್ರಮ್ಮಿಗೆ ಸುರಿದರೆ ನಾರು ತೇಲಿ ಮೇಲೆಯೇ ಉಳಿಯುತ್ತದೆ, ಒದ್ದೆ ಗಾರೆಯ ಮೇಲೆ ಒಮ್ಮೆಗೇ ಸುರಿದರೆ ಉಂಡೆಗಟ್ಟುತ್ತದೆ. ಕೈಯಲ್ಲಿ ಕಲಸುವವರು ಮರಳು ಮತ್ತು ಸಿಮೆಂಟು ಒಣಗಿರುವಾಗಲೇ ಎಳೆಗಳನ್ನು ಬಿಡಿಸಿ ಸ್ವಲ್ಪಸ್ವಲ್ಪವಾಗಿ ಉದುರಿಸಿ, ಸಲಿಕೆಯಿಂದ ಚೆನ್ನಾಗಿ ತಿರುವಿದ ಬಳಿಕ ನೀರು ಹಾಕುವುದು ಉತ್ತಮ. ನಾರು ಸೇರಿದ ಗಾರೆ ಬಿಗಿಯಾಗಿ ಕಾಣುವುದರಿಂದ ಇನ್ನೊಂದು ಬಕೆಟ್ ನೀರು ಸುರಿಯಲು ಕೆಲಸಗಾರರ ಕೈ ತವಕಿಸುತ್ತದೆ. ಅಲ್ಲಿ ಯಾರಾದರೂ ನಿಂತು ತಡೆಯಬೇಕು. ಸ್ಪಂಜು ಹೊಡೆದ ಮೇಲೆ ಗೋಡೆಯ ಮೈಮೇಲೆ ಎಳೆಗಳ ತುದಿಗಳು ಎದ್ದು ನಿಲ್ಲುತ್ತವೆ. ಒಣಗಿದ ಬಳಿಕ ಉಜ್ಜುಕಾಗದ ಆಡಿಸಿ ಪುಟ್ಟಿ ಎಳೆದರೆ ಅವು ಮರೆಯಾಗುತ್ತವೆಯಾದರೂ, ಪುಟ್ಟಿಯಿಲ್ಲದೆ ನೇರವಾಗಿ ಬಣ್ಣ ಬಳಿಯುವವರಿಗೆ ಇದು ಹಿಡಿಸಲಾರದು. ಬಾಂಡ್ಲಿ ತೊಳೆದ ನೀರಿನೊಂದಿಗೆ ಚರಂಡಿಗೆ ಹೋಗುವ ಎಳೆಗಳೂ ಪ್ಲಾಸ್ಟಿಕ್ಕೇ ಆದ್ದರಿಂದ, ಆ ನೀರನ್ನು ಮರಳಿನ ಗುಡ್ಡೆಯ ಮೇಲೆಯೇ ಚೆಲ್ಲಿಸಿದೆ.

ನನ್ನ ಮುಖ್ಯ ಆಕ್ಷೇಪ ‘ಚೀಲಕ್ಕೊಂದು ಪೊಟ್ಟಣ’ ಎಂಬ ಸೂಚನೆಯ ಕುರಿತಾದದ್ದು. 1:4 ಗಾರೆಯಲ್ಲಿ (ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು) ಒಂದು ಚೀಲ ಸಿಮೆಂಟಿಗೆ ಸುಮಾರು 145 ಲೀಟರ್ ಗಾರೆ ಸಿಕ್ಕರೆ ನಾರಿನ ಪಾಲು ಗಾತ್ರದಲ್ಲಿ ಶೇ 0.09ರಷ್ಟಾಗುತ್ತದೆ. ಸಾಮಾನ್ಯವಾಗಿ ಸೂಚಿಸುವ ಶೇ 0.1ಕ್ಕೆ ಅದು ಹತ್ತಿರ. ಅದೇ 1:6 ಗಾರೆಯಲ್ಲಿ ಗಾರೆಯ ಗಾತ್ರ 210 ಲೀಟರಿನವರೆಗೆ ಹಿಗ್ಗಿ, ನಾರಿನ ಪಾಲು ಶೇ 0.065ಕ್ಕೆ ಇಳಿಯುತ್ತದೆ. ಸಿಮೆಂಟು ಕಡಿಮೆಯಿರುವ ಗಾರೆ ಇಷ್ಟೇ ಪೊಟ್ಟಣದಲ್ಲಿ ಇನ್ನಷ್ಟು ಕಡಿಮೆ ನಾರು ಪಡೆಯುತ್ತದೆಂಬುದನ್ನು ತಯಾರಕರು ಎಲ್ಲಿಯೂ ಹೇಳುವುದಿಲ್ಲ. 1:6 ಬಳಸುವವರು ಎರಡು ಚೀಲಕ್ಕೆ ಮೂರು ಪೊಟ್ಟಣ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಕೊಳ್ಳುವಾಗ ಹೆಸರು ನೋಡಿ ಕೊಳ್ಳಬೇಕು, ಏಕೆಂದರೆ ‘ಫೈಬರ್’ ಎಂದಷ್ಟೇ ಕೇಳಿದರೆ ಪಾಲಿಯೆಸ್ಟರ್ ನಾರೂ ಕೈಗೆ ಬರಬಹುದು. ಸಾಮಾನ್ಯ ಪಾಲಿಯೆಸ್ಟರ್ ಕ್ಷಾರದಲ್ಲಿ ಕಾಲಕ್ರಮೇಣ ಕ್ಷಯಿಸುವ ವಸ್ತು. ಅನುಮಾನವಿದ್ದರೆ ಒಂದು ಲೋಟ ನೀರಿಗೆ ಒಂದು ಹನಿ ಸೋಪಿನ ದ್ರಾವಣ ಬೆರೆಸಿ, ಚಿಟಿಕೆ ನಾರು ಹಾಕಿ ಕಲಕಿ ಬಿಡಿ. 0.91 ಸಾಂದ್ರತೆಯ ಪಾಲಿಪ್ರೊಪಿಲೀನ್ ತೇಲಿ ಬರುತ್ತದೆ, 1.38 ಸಾಂದ್ರತೆಯ ಪಾಲಿಯೆಸ್ಟರ್ ತಳ ಸೇರುತ್ತದೆ.