ಫೈರ್‌ಫಾಕ್ಸ್ ಟ್ಯಾಬ್‌ಗಳು: ಕೆಲಸ ಚೆನ್ನ, ಡೀಫಾಲ್ಟ್‌ಗಳೇ ತಲೆನೋವು

ಟ್ಯಾಬ್ ಹೆಚ್ಚಾದಷ್ಟೂ ಕ್ರೋಮ್ ಅವನ್ನು ಕುಗ್ಗಿಸುತ್ತಲೇ ಹೋಗುತ್ತದೆ, ಕೊನೆಗೆ ಉಳಿಯುವುದು ಐಕಾನ್ ಮಾತ್ರ. ಡೆಸ್ಕ್‌ಟಾಪ್ ಫೈರ್‌ಫಾಕ್ಸ್ 76 ಪಿಕ್ಸೆಲ್‌ಗೆ ನಿಲ್ಲಿಸಿ, ಆಮೇಲೆ ಇಡೀ ಸಾಲನ್ನೇ ಪಕ್ಕಕ್ಕೆ ಸರಿಸುತ್ತದೆ. ಒಳ್ಳೆಯ ಯೋಚನೆ. ಆದರೆ ನಮ್ಮ ಲಿಪಿಗೆ 76 ಎಲ್ಲಿ ಸಾಲುತ್ತದೆ? ಐಕಾನ್, ಅಂಚು ಕಳೆದ ಮೇಲೆ ಎರಡು ಮೂರು ಅಕ್ಷರ ಹಿಡಿದರೆ ಹೆಚ್ಚು. ಒಂದೇ ಪತ್ರಿಕೆಯ ಐದು ಸುದ್ದಿ ತೆರೆದಿದ್ದರೆ ಐಕಾನೂ ಒಂದೇ, ‘ಕರ್ನಾ’ ಅಂತ ಕಾಣುವುದೂ ಒಂದೇ.

ಅಡ್ರೆಸ್ ಬಾರ್‌ನಲ್ಲಿ ಅಬೌಟ್:ಕಾನ್ಫಿಗ್ (ಒಳಗಿನ ಸೆಟ್ಟಿಂಗ್‌ಗಳ ಪುಟ) ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ, ಎಚ್ಚರಿಕೆ ಒಪ್ಪಿ, ಟ್ಯಾಬ್‌ಮಿನ್‌ವಿಡ್ತ್ (ಟ್ಯಾಬ್‌ನ ಕನಿಷ್ಠ ಅಗಲ) ಹುಡುಕಿ 150 ಮಾಡಿ. 150 ಯಾಕೆಂದರೆ, 140ಕ್ಕಿಂತ ಕಿರಿದಾದರೆ ಎದುರಿಗಿರುವ ಟ್ಯಾಬ್ ಬಿಟ್ಟು ಉಳಿದವುಗಳ ಕ್ಲೋಸ್ ಗುರುತೇ ಮಾಯ. 1366 ಪಿಕ್ಸೆಲ್ ಪರದೆಯಲ್ಲಿ ಆಗ ಎಂಟು ಟ್ಯಾಬ್ ಕೂರುತ್ತವೆ. ಸಾಲದೆನ್ನುವವರು 136ನೇ ಆವೃತ್ತಿಯಿಂದ ಬಂದಿರುವ ವರ್ಟಿಕಲ್ ಟ್ಯಾಬ್ಸ್ (ಪಕ್ಕದಲ್ಲಿ ಒಂದರ ಕೆಳಗೊಂದು ಟ್ಯಾಬ್) ಹಾಕಿಕೊಳ್ಳಲಿ. ಉದ್ದ ಶೀರ್ಷಿಕೆಗೆ ಅದೇ ವಾಸಿ.

2021ರ 89ನೇ ಆವೃತ್ತಿಯಲ್ಲಿ ಟ್ಯಾಬ್‌ಗಳ ನಡುವಿನ ಗೆರೆ ಹೋಯಿತು, ಸಾಲು ದಪ್ಪವಾಯಿತು, ಸಾಲನ್ನು ತೆಳ್ಳಗಾಗಿಸುವ ಕಾಂಪ್ಯಾಕ್ಟ್ ಆಯ್ಕೆಯನ್ನು ಬಚ್ಚಿಟ್ಟರು. ಅಬೌಟ್:ಕಾನ್ಫಿಗ್‌ನಲ್ಲಿ ಕಾಂಪ್ಯಾಕ್ಟ್‌ಮೋಡ್.ಶೋ ಅನ್ನು ಟ್ರೂ ಮಾಡಿದರೆ ಕಸ್ಟಮೈಸ್ ಟೂಲ್‌ಬಾರ್ ಪುಟದ ಕೆಳಗಿನ ಡೆನ್ಸಿಟಿಯಲ್ಲಿ ಅದು ಮತ್ತೆ ಕಾಣುತ್ತದೆ, ಪಕ್ಕದಲ್ಲೇ ‘ನಾಟ್ ಸಪೋರ್ಟೆಡ್’ ಅನ್ನುವ ಬೆದರಿಕೆ ಸಮೇತ. ಹೆದರಬೇಡಿ, ಕೆಲಸ ಮಾಡುತ್ತದೆ.

ನಿಜಕ್ಕೂ ಕಾಡುವುದು ಮುಚ್ಚುವ ವಿಷಯ. ಮೂವತ್ತು ಟ್ಯಾಬ್ ತೆರೆದಿದ್ದರೂ ಮೂಲೆಯ ಕ್ಲೋಸ್ ಗುರುತು ಒತ್ತಿದರೆ ಕೇಳದೆಯೇ ಎಲ್ಲ ಮುಚ್ಚುತ್ತದೆ. 94ನೇ ಆವೃತ್ತಿಯಿಂದ ಡೀಫಾಲ್ಟ್ ಹೀಗೆ. ಹಿಸ್ಟರಿ ಮೆನುವಿನ ರಿಸ್ಟೋರ್ ಪ್ರೀವಿಯಸ್ ಸೆಷನ್ ಇದೆಯಲ್ಲ ಅನ್ನಬಹುದು. ಆದರೆ ಪ್ರೈವೇಟ್ ವಿಂಡೋದಲ್ಲಿದ್ದದ್ದು ಅದರಿಂದ ಬರುವುದಿಲ್ಲ, ಅರ್ಧ ತುಂಬಿದ ಅರ್ಜಿ ಹಾಗೇ ಮರಳುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಎರಡು ಟಿಕ್ ಹಾಕಿ: ‘ಓಪನ್ ಪ್ರೀವಿಯಸ್ ವಿಂಡೋಸ್ ಆ್ಯಂಡ್ ಟ್ಯಾಬ್ಸ್’, ‘ಕನ್ಫರ್ಮ್ (ಅಥವಾ ಆಸ್ಕ್) ಬಿಫೋರ್ ಕ್ಲೋಸಿಂಗ್ ಮಲ್ಟಿಪಲ್ ಟ್ಯಾಬ್ಸ್’. ಕೊನೆಯ ಟ್ಯಾಬ್ ಮುಚ್ಚಿದಾಗ ವಿಂಡೋವೂ ಹೋಗುವುದು ಬೇಡವಾದರೆ ಅಬೌಟ್:ಕಾನ್ಫಿಗ್‌ನಲ್ಲಿ ಕ್ಲೋಸ್‌ವಿಂಡೋವಿತ್‌ಲಾಸ್ಟ್‌ಟ್ಯಾಬ್ ಅನ್ನು ಫಾಲ್ಸ್ ಮಾಡಿ.

ಕಂಟ್ರೋಲ್+ಟ್ಯಾಬ್ ಒತ್ತಿದರೆ ಪಕ್ಕದ ಟ್ಯಾಬ್ ಬದಲು ಈಚೆಗೆ ನೋಡಿದ್ದು ಬರುವುದು ಕ್ರೋಮ್‌ನಿಂದ ಬಂದವರಿಗೆ ಗೊಂದಲ. ಬೇಡವಾದರೆ ಅದರ ಟಿಕ್ ತೆಗೆಯುವುದೂ ಸೆಟ್ಟಿಂಗ್ಸ್‌ನ ಜನರಲ್‌ನಲ್ಲೇ; ಟಿಕ್ ಇಟ್ಟುಕೊಂಡೇ ಪಕ್ಕದ್ದು ಬೇಕಾದಾಗ ಕಂಟ್ರೋಲ್+ಪೇಜ್ ಡೌನ್. ಕಳೆದುಹೋದ ಟ್ಯಾಬ್ ಹುಡುಕಲು ಅಡ್ರೆಸ್ ಬಾರ್‌ನಲ್ಲಿ %, ಒಂದು ಸ್ಪೇಸ್, ಆಮೇಲೆ ಶೀರ್ಷಿಕೆಯ ಒಂದು ಪದ ಸಾಕು. ಕನ್ನಡದಲ್ಲೇ ಟೈಪಿಸಬಹುದು.